ಬೇಲೂರೋ, ಹಳೇಬೀಡೋ, ಸೋಮನಾಥಪುರವೋ? ಹೊಯ್ಸಳರ ಕಟ್ಟಡ ನೋಡಲು ಹೊರಟವರಿಗೆ

ಹೊಯ್ಸಳ ದೇವಸ್ಥಾನ ನೋಡಬೇಕು ಅಂತ ಹೊರಟವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಒಂದೇ ದಿನದಲ್ಲಿ ಬೇಲೂರು, ಹಳೇಬೀಡು ಎರಡನ್ನೂ ಮುಗಿಸುತ್ತಾರೆ. ದಾರಿಯಲ್ಲಿ ಶ್ರವಣಬೆಳಗೊಳವನ್ನೂ ಸೇರಿಸಿಕೊಳ್ಳುತ್ತಾರೆ. ಸಂಜೆ ಮನೆ ಕಡೆ ಹೊರಟಾಗ ಫೋನಿನಲ್ಲಿ ನೂರಾರು ಫೋಟೋ ಇರುತ್ತವೆ. ಆದರೆ ಶಿಲಾಬಾಲಿಕೆ ಇದ್ದದ್ದು ಯಾವ ಊರಲ್ಲಿ, ಎರಡು ನಂದಿ ಇದ್ದದ್ದು ಎಲ್ಲಿ ಅಂತ ಕೇಳಿದರೆ ಎಲ್ಲ ಕಲಸಿಹೋಗಿರುತ್ತದೆ. ಬಿಡಿಬಿಡಿ ಶಿಲ್ಪಗಳು ನೆನಪಿರುತ್ತವೆ, ಅವುಗಳನ್ನು ಹೊತ್ತು ನಿಂತ ಕಟ್ಟಡದ ಕಡೆ ಯಾರೂ ತಲೆ ಎತ್ತಿ ನೋಡಿರುವುದಿಲ್ಲ.

ನನಗೆ ಈ ಕಟ್ಟಡಗಳ ಮೇಲೆ ಬಹಳ ಪ್ರೀತಿ. ಹಾಗಾಗಿ ಯಾರಾದರೂ ಎಲ್ಲಿಗೆ ಹೋಗಲಿ ಅಂತ ಕೇಳಿದಾಗ ನಾನು ಮೊದಲು ಕೇಳುವುದು, ನಿಮಗೆ ಏನು ನೋಡಬೇಕು ಅಂತ. ಕಟ್ಟಡ ಹೇಗೆ ನಿಂತಿದೆ ಅಂತ ತಿಳಿಯಬೇಕಾ? ಗೋಡೆಯ ಮೇಲಿನ ಶಿಲ್ಪ ಬೇಕಾ? ಒಳಗಿನ ಕಂಬ, ಚಾವಣಿ ಬೇಕಾ? ಪೂಜೆ ನಡೆಯುವ ಗುಡಿಯೇ ಆಗಬೇಕಾ? ಉತ್ತರ ಬದಲಾದರೆ ಊರೂ ಬದಲಾಗುತ್ತದೆ.

ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. ಒಂದೇ ಒಂದು ನೋಡಲು ಸಮಯ ಇದ್ದರೆ ಸೋಮನಾಥಪುರಕ್ಕೆ ಹೋಗಿ. ಹೊರಗೋಡೆಯ ಶಿಲ್ಪಕ್ಕೆ ಹಳೇಬೀಡನ್ನು ಮೀರಿಸಿದ್ದು ಇಲ್ಲ. ಒಳಗಿನ ಮಂಟಪಕ್ಕೆ ಬೇಲೂರೇ ಬೇಕು. ಈ ಮೂರೂ ಸೇರಿ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಹೋದವು. ಬೇಲೂರಿನ ಪ್ರತಿಷ್ಠೆ 1117ರಲ್ಲಿ, ಸೋಮನಾಥಪುರದ್ದು 1258ರಲ್ಲಿ. ನಡುವೆ 141 ವರ್ಷ ಇದೆ. ಅಷ್ಟು ಕಾಲದಲ್ಲಿ ಕಟ್ಟುವ ರೀತಿ ಬದಲಾಗದೆ ಇರುತ್ತದಾ? ಆ ಬದಲಾವಣೆ ಕಣ್ಣಿಗೆ ಬೀಳತೊಡಗಿದರೆ ಮೂರೂ ಒಂದೇ ಥರ ಅಂತ ಯಾರೂ ಹೇಳುವುದಿಲ್ಲ.

ಹೊರಡುವ ಮುಂಚೆ ಸ್ವಲ್ಪ ತಯಾರಿ

ಗರ್ಭಗುಡಿ, ಅದರ ಮುಂದೆ ಸುಕನಾಸಿ ಅನ್ನುವ ಚಿಕ್ಕ ಕೋಣೆ, ಆಮೇಲೆ ಕಂಬಗಳ ನವರಂಗ, ಕೆಲವು ಕಡೆ ಅದರ ಮುಂದೆ ಇನ್ನೊಂದು ತೆರೆದ ಮಂಟಪ. ಎಲ್ಲ ಕಡೆ ಮೂಲ ಕ್ರಮ ಇದೇ. ಗರ್ಭಗುಡಿ ಒಂದಿದ್ದರೆ ಏಕಕೂಟ, ಎರಡಿದ್ದರೆ ದ್ವಿಕೂಟ, ಮೂರಿದ್ದರೆ ತ್ರಿಕೂಟ. ಬೇಲೂರಿನ ಚೆನ್ನಕೇಶವ ಏಕಕೂಟ, ಹಳೇಬೀಡಿನ ಹೊಯ್ಸಳೇಶ್ವರ ದ್ವಿಕೂಟ, ಸೋಮನಾಥಪುರದ ಕೇಶವ ತ್ರಿಕೂಟ. ಮೂರೂ ಎತ್ತರದ ಜಗತಿಯ, ಅಂದರೆ ಕಲ್ಲಿನ ಕಟ್ಟೆಯ ಮೇಲೆ ನಿಂತಿವೆ. ಒಳಗೆ ಪ್ರದಕ್ಷಿಣೆಗೆ ದಾರಿ ಇಲ್ಲ. ಜಗತಿಯ ಮೇಲೆ, ಗುಡಿಯ ಹೊರಗೇ ಸುತ್ತು ಬರಬೇಕು. ಅಂದರೆ ಹೊರಗೋಡೆಯನ್ನು ನೋಡುತ್ತಾ ನಡೆಯುವುದೇ ಪ್ರದಕ್ಷಿಣೆ.

ಕಲ್ಲಿನ ವಿಷಯವೂ ಗೊತ್ತಿರಲಿ. ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದು ಬರಬರುತ್ತಾ ಗಟ್ಟಿಯಾಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲೇ ಲಕ್ಕುಂಡಿ, ಇಟಗಿ ಕಡೆ ಶಿಲ್ಪಿಗಳು ಇದನ್ನು ಪಳಗಿಸಿದ್ದರು. ಹೊಯ್ಸಳರ ಕಾಲಕ್ಕೆ ಆ ಕೈಚಳಕ ಇನ್ನೂ ಮುಂದೆ ಹೋಯಿತು. ಬೆರಳಿನ ಉಂಗುರ, ಕೊರಳ ಸರದ ಒಂದೊಂದು ಮಣಿ, ಬಳ್ಳಿಯ ಹಿಂದೆ ಪೂರ್ತಿ ಕೊರೆದು ಬಿಟ್ಟ ಜಾಗ, ಇದೆಲ್ಲ ಗ್ರಾನೈಟಿನಲ್ಲಿ ಆಗುವ ಕೆಲಸ ಅಲ್ಲ. ಕಂಬಗಳನ್ನು ತಿರುಗಣಿಗೆ ಹಾಕಿ, ಇವತ್ತಿನ ಲೇತ್‌ನಲ್ಲಿ ಮಾಡುವ ಹಾಗೆ, ಕಡೆಯಲು ಸಾಧ್ಯವಾಗಿದ್ದೂ ಈ ಕಲ್ಲಿನಿಂದಲೇ.

ಇನ್ನೊಂದು ವಿಷಯ ಗಮನದಲ್ಲಿ ಇಟ್ಟುಕೊಂಡರೆ ನೋಟವೇ ಬದಲಾಗುತ್ತದೆ. ಗರ್ಭಗುಡಿಯ ಹೊರಗೋಡೆಯಲ್ಲಿ ಸೂರು ಎಷ್ಟಿದೆ ಅಂತ ಎಣಿಸಿ. ಹಳೆಯ ಕ್ರಮದಲ್ಲಿ ಒಂದೇ ಸೂರು ಇರುತ್ತದೆ. ಅದರ ಕೆಳಗೆ ಚಿಕ್ಕ ಚಿಕ್ಕ ಶಿಖರದ ಆಕಾರಗಳು, ಅದರ ಕೆಳಗೆ ಮೂರ್ತಿಗಳು ಇರುತ್ತವೆ. ಗೋಡೆಯ ಬುಡದಲ್ಲಿ ಹೆಚ್ಚಾಗಿ ಸಾದಾ ಅಚ್ಚಿನ ಪದರಗಳು ಇರುತ್ತವೆ. ಹೊಸ ಕ್ರಮದಲ್ಲಿ ಎರಡು ಸೂರು. ಚಿಕ್ಕ ಶಿಖರಗಳು ಎರಡು ಸೂರುಗಳ ನಡುವೆ ಹೋಗುತ್ತವೆ, ಮೂರ್ತಿಗಳು ಕೆಳಗಿನ ಸೂರಿನ ಅಡಿಗೆ ಬರುತ್ತವೆ, ಬುಡದಲ್ಲಿ ಆನೆ ಕುದುರೆಗಳ ಸಾಲು ಕೆತ್ತಿದ ಪಟ್ಟಿಕೆಗಳು ಬರುತ್ತವೆ. ಹದಿಮೂರನೇ ಶತಮಾನದ ಸೋಮನಾಥಪುರ, ನುಗ್ಗೇಹಳ್ಳಿ, ಹೊಸಹೊಳಲು ಎಲ್ಲ ಈ ಎರಡು ಸೂರಿನ ಕಟ್ಟಡಗಳು.

ಬೇಲೂರು: ಒಳಗೆ ಹೋದಮೇಲೆ ನಿಧಾನ ಮಾಡಿ

ಬೇಲೂರಿನಲ್ಲಿ ಒಂದು ಕೊರತೆ ಇದೆ. ಗರ್ಭಗುಡಿಯ ಮೇಲೆ ಶಿಖರ ಇಲ್ಲ. ಊರಿಗೆ ಹೋಗುವಾಗ ದೂರದಿಂದ ಕಾಣುವ ಎತ್ತರದ ಗೋಪುರ ಹೊಯ್ಸಳರದ್ದಲ್ಲ. ಅದು ವಿಜಯನಗರದ ಕಾಲಕ್ಕೆ ಸೇರಿದ್ದು. ಹಳೆಯ ಬಾಗಿಲು ಸುಟ್ಟುಹೋದ ಮೇಲೆ 1397ರಲ್ಲಿ ಹರಿಹರನ ದಂಡನಾಯಕ ಗುಂಡ ಅದನ್ನು ಕಟ್ಟಿಸಿದ. ಬಹಳ ಜನ ಅದನ್ನೇ ಬೇಲೂರು ದೇವಸ್ಥಾನ ಅಂತ ಫೋಟೋ ಹಿಡಿಯುತ್ತಾರೆ. ಕಳೆದುಹೋದ ಶಿಖರ ಹೇಗಿದ್ದಿರಬಹುದು ಅಂತ ಊಹಿಸಬೇಕಾದರೆ ಮೆಟ್ಟಿಲುಗಳ ಎರಡೂ ಬದಿ ನಿಂತ ಪುಟ್ಟ ಗುಡಿಗಳನ್ನು ನೋಡಿ. ಅವುಗಳ ತಲೆಯ ಮೇಲೆ ಚಿಕ್ಕ ಶಿಖರ ಇನ್ನೂ ಇದೆ.

ಇಲ್ಲಿನ ಮಂಟಪ ಮೊದಲು ತೆರೆದೇ ಇತ್ತು. ಸುಮಾರು ಅರ್ಧ ಶತಮಾನದ ನಂತರ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಕಂಬಗಳ ನಡುವೆ ಜಾಲಂಧ್ರ, ಅಂದರೆ ತೂತು ಕೊರೆದ ಕಲ್ಲಿನ ಜಾಲರಿ, ಕೂರಿಸಿ ಮುಚ್ಚಿದರು. ಇದು ತಿಳಿದು ಒಳಗೆ ಹೋದರೆ ಒಂದು ವಿಷಯ ಹೊಳೆಯುತ್ತದೆ. ಇಷ್ಟು ಕಂಬಗಳ ಮೇಲೆ ಇಷ್ಟೊಂದು ಕೆಲಸ ಮಾಡಿದ್ದು ಕತ್ತಲಲ್ಲಿ ನೋಡಲಿ ಅಂತ ಅಲ್ಲ. ಮೂರು ಕಡೆಯಿಂದ ಬೆಳಕು ಬಂದು ಬೀಳುತ್ತಿದ್ದ ಜಾಗ ಅದು. ಈಗ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಸುಮ್ನೆ ಒಂದು ಕಡೆ ನಿಂತುಬಿಡಿ.

ಒಳಗೆ 48 ಕಂಬಗಳಿವೆ. ನಡುವಿನ ನಾಲ್ಕನ್ನು ಬಿಟ್ಟರೆ ಒಂದರ ಹಾಗೆ ಇನ್ನೊಂದಿಲ್ಲ. ನರಸಿಂಹ ಕಂಬವನ್ನು ಗೈಡ್‌ಗಳು ತಪ್ಪದೆ ತೋರಿಸುತ್ತಾರೆ. ಅಡಿಯಿಂದ ಮುಡಿಯವರೆಗೆ ಪುಟಾಣಿ ಮೂರ್ತಿಗಳು ತುಂಬಿವೆ. ನಾನು ಜಾಸ್ತಿ ಹೊತ್ತು ನೋಡುವುದು ಮಾತ್ರ ಆ ನಾಲ್ಕು ನಡುಗಂಬಗಳ ಮೇಲಿನ ಭುವನೇಶ್ವರಿ ಅನ್ನುವ ಚಾವಣಿಯನ್ನು. ಚೌಕದಿಂದ ಎಂಟು ಮೂಲೆಗೆ, ಎಂಟು ಮೂಲೆಯಿಂದ ದುಂಡಗೆ, ಪದರ ಪದರವಾಗಿ ಕಲ್ಲು ಒಳಗೆ ಚಾಚುತ್ತಾ ಮೇಲೆ ಹೋಗುತ್ತದೆ. ಕಮಾನು ಇಲ್ಲ, ಗಾರೆ ಇಲ್ಲ. ಒಂದರ ಭಾರ ಇನ್ನೊಂದನ್ನು ಹಿಡಿದಿದೆ.

ಶಿಲಾಬಾಲಿಕೆಯರ ವಿಷಯ ಹೇಳದೆ ಬೇಲೂರು ಮುಗಿಯುವುದಿಲ್ಲ ಅಲ್ವಾ. ಒಟ್ಟು 42. ನಾಲ್ಕು ಒಳಗಿವೆ, ಉಳಿದ 38 ಹೊರಗೆ, ಕಂಬದ ತಲೆಗೂ ಸೂರಿಗೂ ನಡುವೆ ಓರೆಯಾಗಿ ನಿಂತಿವೆ. ಸೂರಿನ ಕೆಳಗಿನ ಆ ಮೂಲೆಗೆಂದೇ ಮಾಡಿದ ಶಿಲ್ಪಗಳು ಇವು. ಓರೆಯಾಗಿರುವುದರಿಂದಲೇ ಕೆಳಗೆ ನಿಂತವರಿಗೆ ಮುಖ ನೇರವಾಗಿ ಕಾಣುತ್ತದೆ. ಪೀಠದ ಮೇಲೆ ಶಿಲ್ಪಿಗಳ ಹೆಸರು ಹುಡುಕಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಬ್ಬರೂ ಇಲ್ಲಿ ಸಹಿ ಹಾಕಿದ್ದಾರೆ. ಒಂಬತ್ತು ನೂರು ವರ್ಷದ ಹಿಂದೆ ಅಪ್ಪ ಮಗ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿ ಹೆಸರು ಬಿಟ್ಟುಹೋಗಿದ್ದಾರೆ ಅನ್ನುವುದು ನನಗೆ ಪ್ರತಿ ಸಲವೂ ರೋಮಾಂಚನ ತರುತ್ತದೆ.

ಬೇಲೂರು ಇವತ್ತಿಗೂ ಪೂಜೆ ನಡೆಯುವ ದೇವಸ್ಥಾನ. ಭಕ್ತರಿಗೆ ಅದೇ ದೊಡ್ಡ ಕಾರಣ. ಕಟ್ಟಡ ನೋಡಲು ಬಂದವರಿಗೆ ಇದರಿಂದ ಎರಡು ತೊಂದರೆ. ಹಬ್ಬ, ಭಾನುವಾರ ಅಂದರೆ ಒಳಗೆ ನಿಲ್ಲಲು ಜಾಗ ಇರುವುದಿಲ್ಲ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ವಾರದ ನಡುವೆ ಬೆಳಗ್ಗೆಯೇ ಹೋಗುವುದು ಒಳ್ಳೆಯದು. ಅದೇ ಆವರಣದ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಶಾಂತಲಾದೇವಿ ಕಟ್ಟಿಸಿದ್ದು. ಜನ ಅಲ್ಲಿಗೆ ಹೋಗುವುದೇ ಕಡಿಮೆ.

ಹಳೇಬೀಡು: ಗೋಡೆಗೆ ಬೆನ್ನು ಹಾಕಬೇಡಿ

ಬೇಲೂರಿನಿಂದ 16 ಕಿ.ಮೀ. ಅಷ್ಟೇ. ಕಟ್ಟಡವಾಗಿ ನೋಡಿದರೆ ಹೊಯ್ಸಳೇಶ್ವರ ತಕ್ಷಣ ಮನಸ್ಸಿಗೆ ಹಿಡಿಸುವುದಿಲ್ಲ. ಶಿಖರ ಇಲ್ಲ, ಹಾಗಾಗಿ ದೂರದಿಂದ ಅಗಲವಾಗಿ, ತಗ್ಗಾಗಿ ಕಾಣುತ್ತದೆ. ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ ಅವನ ಅಧಿಕಾರಿ ಕೇತಮಲ್ಲನ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಹೊಯ್ಸಳೇಶ್ವರ, ಶಾಂತಲೇಶ್ವರ ಅಂತ ಎರಡು ಗರ್ಭಗುಡಿ, ಎರಡು ನವರಂಗ, ಎದುರಿಗೆ ಎರಡು ನಂದಿ ಮಂಟಪ. ಪೂರ್ತಿ ಒಂದು ದೇವಸ್ಥಾನವನ್ನು ಪಕ್ಕಪಕ್ಕದಲ್ಲಿ ಎರಡು ಸಲ ಕಟ್ಟಿ ನಡುವೆ ಜೋಡಿಸಿದ್ದಾರೆ.

ಹತ್ತಿರ ಹೋದಾಗ ಎಲ್ಲ ಬದಲಾಗುತ್ತದೆ. ಬುಡದಲ್ಲಿ ಆನೆಗಳ ಸಾಲು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆ, ಮಕರ, ಹಂಸ. ಆನೆಗಳು ಒಂದೇ ಅಚ್ಚಿನಲ್ಲಿ ತೆಗೆದಂತೆ ಕಾಣುತ್ತವೆ, ಆದರೆ ನಾಲ್ಕು ಹೆಜ್ಜೆ ಅವುಗಳ ಜೊತೆ ನಡೆದು ನೋಡಿ. ಒಂದು ಸೊಂಡಿಲು ಎತ್ತಿದೆ, ಒಂದು ಮುಂದಿನದರ ಬಾಲಕ್ಕೆ ತಾಗಿಸಿದೆ. ಭಾರ ಹೊರುವ ಆನೆ ಎಲ್ಲಕ್ಕಿಂತ ಕೆಳಗೆ, ಹಾರುವ ಹಂಸ ಎಲ್ಲಕ್ಕಿಂತ ಮೇಲೆ. ಈ ಕ್ರಮದಲ್ಲಿ ಒಂದು ಕಟ್ಟಡದ ತಿಳುವಳಿಕೆ ಇದೆ.

ಪಟ್ಟಿಕೆಗಳ ಮೇಲೆ ದೊಡ್ಡ ಮೂರ್ತಿಗಳ ಸಾಲು. ರಾವಣ ಕೈಲಾಸ ಎತ್ತುತ್ತಿರುವ ಫಲಕದ ಮುಂದೆ ಹತ್ತು ನಿಮಿಷ ಕಳೆಯಿರಿ. ಕೆಳಗೆ ರಾವಣ, ಅವನ ತಲೆ ಭುಜಗಳ ಮೇಲೆ ಬೆಟ್ಟ, ಬೆಟ್ಟದೊಳಗೆ ಪ್ರಾಣಿಗಳು, ಗಣಗಳು, ಎಲ್ಲದರ ಮೇಲೆ ಶಿವ ಪಾರ್ವತಿ. ಅಂಗೈ ಅಗಲದ ಜಾಗದಲ್ಲಿ ಹಿಂದೆ ಮುಂದೆ ಅಂತ ಎಷ್ಟೋ ಪದರಗಳಿವೆ. ಉಳಿ ಅಷ್ಟು ಒಳಗೆ ಹೇಗೆ ಹೋಯಿತು ಅಂತ ಆಶ್ಚರ್ಯವಾಗುತ್ತದೆ. ಅಭಿಮನ್ಯು ಚಕ್ರವ್ಯೂಹದೊಳಗೆ ನಿಂತ ದೃಶ್ಯವೂ ಇಲ್ಲಿದೆ. ಮಕ್ಕಳಿದ್ದರೆ ಅವರಿಗೇ ಹುಡುಕಲು ಬಿಡಿ.

ಗೋಡೆಯಲ್ಲಿ ಹೆಚ್ಚು ಶಿಲ್ಪ ಇರುವುದು ಹಿಂಭಾಗದಲ್ಲಿ, ಪಶ್ಚಿಮದ ಕಡೆ. ಹಾಗಾಗಿ ಮಧ್ಯಾಹ್ನ ಮೂರರ ಮೇಲೆ ಹೋಗಿ. ಓರೆ ಬಿಸಿಲು ಬಿದ್ದಾಗ ಶಿಲ್ಪಗಳು ಗೋಡೆಯಿಂದ ಈಚೆ ಬರುತ್ತವೆ. ಬೆಳಗ್ಗೆ ಅಲ್ಲಿ ನೆರಳಿರುತ್ತದೆ. ಬೇಲೂರು ಬೆಳಗ್ಗೆ, ಹಳೇಬೀಡು ಸಂಜೆ ಅನ್ನುವ ಕ್ರಮ ಇದಕ್ಕೇ ಸರಿ.

ಊರಲ್ಲೇ ಇರುವ ಪಾರ್ಶ್ವನಾಥ ಬಸದಿಯನ್ನು ದಯವಿಟ್ಟು ಬಿಡಬೇಡಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ್ದು. ಹೊರಗೋಡೆ ಸಾದಾ. ಒಳಗಿನ ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ, ಹತ್ತಿರ ಹೋದರೆ ನಿಮ್ಮ ನೆರಳು ಕಾಣುತ್ತದೆ. ಹೊಯ್ಸಳೇಶ್ವರದ ಅಷ್ಟೊಂದು ಶಿಲ್ಪ ನೋಡಿ ಬಂದ ಕಣ್ಣಿಗೆ ಇಲ್ಲಿ ಕಂಬದ ಆಕಾರ ಮಾತ್ರ ಕಾಣುತ್ತದೆ. ಅದೂ ಅದೇ ಶಿಲ್ಪಿಗಳ ಕಾಲದ್ದೇ. ಕೇದಾರೇಶ್ವರ ಗುಡಿಯೂ ನಡೆದು ಹೋಗುವಷ್ಟು ಹತ್ತಿರ.

ಸೋಮನಾಥಪುರ: ಪೂರ್ತಿ ಉಳಿದ ಕಟ್ಟಡ

ಇದನ್ನು ಮೊದಲು ನೋಡಿ ಅಂತ ನಾನು ಹೇಳುವುದಕ್ಕೆ ಮುಖ್ಯ ಕಾರಣ, ಇಲ್ಲಿ ಕಟ್ಟಡ ಬುಡದಿಂದ ತುದಿಯವರೆಗೆ ಉಳಿದಿದೆ. ಮೂರು ಶಿಖರಗಳೂ ಇವೆ. ಸುತ್ತ ಪ್ರಾಕಾರ ಇದೆ, ಅದರ ಒಳಬದಿಯಲ್ಲಿ 64 ಪುಟ್ಟ ಗುಡಿಗಳ ಕೈಸಾಲೆ, ಅಂದರೆ ಕಂಬಗಳ ಪಡಸಾಲೆ ಇದೆ. ಮಹಾದ್ವಾರದಲ್ಲಿ ಶಾಸನವೂ ಇದೆ. ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ ತನ್ನ ಹೆಸರಲ್ಲಿ ಅಗ್ರಹಾರ ಮಾಡಿ, ನಡುವೆ ಈ ದೇವಸ್ಥಾನ ಕಟ್ಟಿಸಿದ.

ಗಾತ್ರದಲ್ಲಿ ಇದು ಚಿಕ್ಕದು. ಬೇಲೂರು ನೋಡಿ ಬಂದವರಿಗೆ ಇಷ್ಟೇನಾ ಅನ್ನಿಸಬಹುದು. ಚಿಕ್ಕದಾಗಿರುವುದರಿಂದಲೇ ಪೂರ್ತಿ ಕಟ್ಟಡ ಒಂದು ನೋಟಕ್ಕೆ ಸಿಗುತ್ತದೆ. ಬಾಗಿಲು ದಾಟಿದ ತಕ್ಷಣ ಗುಡಿಯ ಹತ್ತಿರ ಓಡಬೇಡಿ. ಕೈಸಾಲೆಯಲ್ಲೇ ಬಲಕ್ಕೋ ಎಡಕ್ಕೋ ತಿರುಗಿ ಹಿಂಭಾಗದವರೆಗೆ ನಡೆಯಿರಿ. ಹಿಂದಿನ ಮೂಲೆಯಿಂದ ಮೂರು ಶಿಖರಗಳೂ ಒಟ್ಟಿಗೆ ಕಾಣುತ್ತವೆ.

ಗರ್ಭಗುಡಿಗಳ ತಳ 16 ಮೂಲೆಗಳ ನಕ್ಷತ್ರ. ಕಾಗದದ ಮೇಲೆ ಒಂದು ಚೌಕ ಬರೆದು, ಅದರ ನಡುವಿನ ಬಿಂದು ಅಲ್ಲಾಡದ ಹಾಗೆ ಸ್ವಲ್ಪ ಸ್ವಲ್ಪ ತಿರುಗಿಸಿ ಇನ್ನೂ ಮೂರು ಚೌಕ ಬರೆಯಿರಿ. ನಾಲ್ಕು ಚೌಕಕ್ಕೆ ನಾಲ್ಕರಂತೆ 16 ಮೂಲೆ ಸಿಗುತ್ತದೆ. ಗೂಟ, ಹಗ್ಗ ಇದ್ದರೆ ನೆಲದ ಮೇಲೂ ಇದನ್ನು ಬರೆಯಬಹುದು. ಕೇಳಲು ಇಷ್ಟೇ. ಇನ್ನು ಆ ಒಂದು ಮೂಲೆಯನ್ನು ಆರಿಸಿಕೊಂಡು ಕಣ್ಣನ್ನು ಕೆಳಗಿನಿಂದ ಮೇಲಕ್ಕೆ ಒಯ್ಯಿರಿ. ಜಗತಿಯೂ ಅದೇ ಮಡಿಕೆಯಲ್ಲಿ ಮುಂದೆ ಬಂದಿದೆ, ಅದರ ಮೂಲೆಗಳಲ್ಲಿ ಆನೆಗಳು ನಿಂತಿವೆ. ಗೋಡೆಯ ಬುಡದಲ್ಲಿ ಆರು ಪಟ್ಟಿಕೆಗಳು. ಪಟ್ಟಿಕೆಯ ಆನೆ ಮೂಲೆಯಲ್ಲಿ ತಿರುಗಿಕೊಂಡೇ ಮುಂದೆ ಹೋಗುತ್ತದೆ, ಸಾಲು ತುಂಡಾಗುವುದಿಲ್ಲ. ಅದರ ಮೇಲೆ ಒಂದು ಮೂರ್ತಿ, ಅದಕ್ಕೆ ಬಳ್ಳಿಯ ಮಾಡು. ಆಮೇಲೆ ಕೆಳಗಿನ ಸೂರು, ಚಿಕ್ಕ ಶಿಖರ, ಮೇಲಿನ ಸೂರು. ಅಲ್ಲಿಗೆ ಗೋಡೆ ಮುಗಿಯಿತು. ಆದರೆ ಆ ಮೂಲೆ ಮುಗಿಯಲಿಲ್ಲ. ಶಿಖರದ ಒಂದೊಂದು ಅಂತಸ್ತಿನಲ್ಲೂ ಅದೇ ಮಡಿಕೆ ಸಣ್ಣದಾಗುತ್ತಾ, ಸಣ್ಣದಾಗುತ್ತಾ ತುದಿಯವರೆಗೆ ಹೋಗಿ ಸೇರುತ್ತದೆ. ಶಿಖರ ಕಳೆದುಕೊಂಡ ಬೇಲೂರು, ಹಳೇಬೀಡಿನಲ್ಲಿ ಇದನ್ನು ನೋಡಲು ಸಾಧ್ಯವೇ ಇಲ್ಲ. ಇಲ್ಲಿ ಒಂದು ಸಲ ನೋಡಿದ ಮೇಲೆ ಆ ಎರಡು ಕಡೆ ಏನು ಕಾಣೆಯಾಗಿದೆ ಅನ್ನುವುದು ತಾನಾಗಿ ತಿಳಿಯುತ್ತದೆ.

ಪ್ರದಕ್ಷಿಣೆಯಲ್ಲಿ ಕಥೆಯೂ ಕ್ರಮವಾಗಿ ಬರುತ್ತದೆ. ದಕ್ಷಿಣದಲ್ಲಿ ರಾಮಾಯಣ, ಹಿಂದೆ ಪಶ್ಚಿಮದಲ್ಲಿ ಕೃಷ್ಣನ ಕಥೆ, ಉತ್ತರದಲ್ಲಿ ಮಹಾಭಾರತ. ಎಡದಿಂದಲೇ ಶುರುಮಾಡಿ. ಮೂರ್ತಿಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ.

ಒಳಗೆ ಹೋದರೆ ಕತ್ತು ನೋಯುವವರೆಗೆ ಮೇಲೆ ನೋಡಬೇಕು. ಚಾವಣಿಯ ಒಂದೊಂದು ಅಂಕಣಕ್ಕೂ ಬೇರೆ ಬೇರೆ ವಿನ್ಯಾಸ. ಅರಳುತ್ತಿರುವ ಬಾಳೆಮೊಗ್ಗು ನಡುವಿನಿಂದ ಕೆಳಗೆ ಇಳಿಬಿದ್ದಿರುವುದು ಬಹಳ ಪ್ರಸಿದ್ಧ. ಉತ್ತರದಲ್ಲಿ ಜನಾರ್ದನ, ದಕ್ಷಿಣದಲ್ಲಿ ವೇಣುಗೋಪಾಲ. ನಡುವಿನ ಮೂಲ ಕೇಶವ ಮೂರ್ತಿ ಈಗಿಲ್ಲ. ಪೂಜೆ ನಡೆಯುವುದಿಲ್ಲ. ದೇವರ ದರ್ಶನಕ್ಕೆ ಅಂತ ಹೊರಟ ಹಿರಿಯರಿಗೆ ಇದರಿಂದ ಬೇಸರ ಆಗುತ್ತದೆ, ಮೊದಲೇ ಹೇಳಿ ಕರೆದುಕೊಂಡು ಹೋಗಿ. ಕಟ್ಟಡ ನೋಡುವವರಿಗೆ ಇದರಿಂದ ಅನುಕೂಲವೇ ಜಾಸ್ತಿ. ಯಾರೂ ಮುಂದೆ ಹೋಗಿ ಅನ್ನುವುದಿಲ್ಲ. ಪುರಾತತ್ವ ಇಲಾಖೆಯ ಟಿಕೆಟ್ ಇದೆ. ಮೈಸೂರಿನಿಂದ ಸುಮಾರು 35 ಕಿ.ಮೀ.

ದೊಡ್ಡಗದ್ದವಳ್ಳಿ ಮತ್ತು ಉಳಿದವು

ಮೂರೂ ನೋಡಿದವರು, ಅಥವಾ ಹಾಸನದ ಕಡೆ ಅರ್ಧ ದಿನ ಮಿಕ್ಕವರು, ದೊಡ್ಡಗದ್ದವಳ್ಳಿಗೆ ಹೋಗಿ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯ ಬಳಿ, ಕೆರೆ ಪಕ್ಕ ಇದೆ. ಬೇಲೂರಿಗಿಂತ ಕೆಲವು ವರ್ಷ ಮುಂಚಿನದು. ರಾಜನೂ ಅಲ್ಲ, ದಂಡನಾಯಕನೂ ಅಲ್ಲ, ಕುಲ್ಲಹಣ ರಾಹುತ ಅನ್ನುವ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ನಾಲ್ಕು ಗರ್ಭಗುಡಿಯ ಚತುಷ್ಕೂಟ. ಹೊಯ್ಸಳರಲ್ಲಿ ಇದು ಬಹಳ ಅಪರೂಪ. ಮೂರರ ಮೇಲೆ ಕದಂಬರ ರೀತಿಯ ಮೆಟ್ಟಿಲು ಮೆಟ್ಟಿಲಾದ ಶಿಖರ ಇದೆ, ಲಕ್ಷ್ಮೀದೇವಿಯ ಗುಡಿಯದ್ದು ಮಾತ್ರ ಬೇರೆ ಥರ. ಕಾಳಿಯ ಗುಡಿಯ ಬಾಗಿಲಲ್ಲಿ ಎಲುಬಿನ ಬೇತಾಳಗಳು ನಿಂತಿವೆ. ಜಗತಿ ಇಲ್ಲ, ಪಟ್ಟಿಕೆ ಇಲ್ಲ, ಗೋಡೆಯಲ್ಲಿ ಶಿಲ್ಪವೂ ಕಡಿಮೆ. ಹಾಗಾಗಿ ಗುಡಿ, ಸುಕನಾಸಿ, ಶಿಖರ ಹೇಗೆ ಒಂದಕ್ಕೊಂದು ಸೇರುತ್ತವೆ ಅನ್ನುವುದು ಇಲ್ಲಿ ಸ್ವಚ್ಛವಾಗಿ ಕಾಣುತ್ತದೆ. ಸೋಮನಾಥಪುರದ ಮರುದಿನವೇ ಇದನ್ನು ನೋಡಿದರೆ ಒಂದೂವರೆ ಶತಮಾನದಲ್ಲಿ ಏನೇನು ಸೇರಿತು ಅಂತ ಬಿಡಿಸಿ ಹೇಳಬಹುದು.

ದೊಡ್ಡ ಕಂಬಗಳ ಮಂಟಪ ಇಷ್ಟವಾದರೆ ಹಳೇಬೀಡಿನಿಂದ ಹತ್ತು ಹನ್ನೆರಡು ಕಿ.ಮೀ. ದೂರದ ಬೆಳವಾಡಿ. ತ್ರಿಕೂಟ, ಪೂಜೆಯೂ ನಡೆಯುತ್ತದೆ, ವೇಣುಗೋಪಾಲನ ಮೂರ್ತಿ ನೋಡಲೇಬೇಕು. ತರೀಕೆರೆ ಕಡೆಯವರಿಗೆ 1196ರ ಅಮೃತಪುರ ಹತ್ತಿರ. ಅಲ್ಲಿ ಕಥೆಗಳು ಬುಡದ ಪಟ್ಟಿಕೆಯಲ್ಲಿಲ್ಲ, ತೆರೆದ ಮಂಟಪದ ಗಿಡ್ಡ ಗೋಡೆಯ ಮೇಲೆ 140 ಫಲಕಗಳಾಗಿವೆ. ಕಣ್ಣಿಗೆ ನೇರ ಸಿಗುವ ಎತ್ತರ, ಮಕ್ಕಳಿಗೂ ಸುಲಭ. ನಕ್ಷತ್ರದ ಆಕಾರ ಮಂಟಪದಲ್ಲೂ ಬಂದರೆ ಹೇಗಿರುತ್ತದೆ ಅಂತ ನೋಡಬೇಕಾದರೆ ಅರಸೀಕೆರೆಯ ಶಿವಾಲಯ. ಒಂದೇ ಥರದ ಎರಡು ಗುಡಿಗಳು ಅಕ್ಕಪಕ್ಕ ಬೇಕಾದರೆ ಹಾಸನದ ಹತ್ತಿರದ ಮೊಸಳೆ. ಸೋಮನಾಥಪುರಕ್ಕೆ ಹೋಗಲು ಆಗದವರಿಗೆ ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲು ಒಳ್ಳೆಯ ಬದಲಿ. ಗೋಡೆಯ ಕೆಲಸ ಅದೇ ಮಟ್ಟದ್ದು.

ದಿನ ಹಂಚಿಕೊಳ್ಳುವುದು ಹೇಗೆ?

ಬೆಂಗಳೂರು, ಮೈಸೂರಿನಿಂದ ಒಂದೇ ದಿನಕ್ಕೆ ಹೋಗಿ ಬರುವವರು ಸೋಮನಾಥಪುರ ಒಂದನ್ನೇ ಇಟ್ಟುಕೊಳ್ಳಿ. ಸಮಯ ಮಿಕ್ಕರೆ ತಲಕಾಡಿನ ಕೀರ್ತಿನಾರಾಯಣ ಅದೇ ದಿಕ್ಕಿನಲ್ಲಿದೆ. ಎರಡು ದಿನ ಇದ್ದರೆ ಹಾಸನದಲ್ಲಿ ಉಳಿಯಿರಿ. ಮೊದಲ ದಿನ ಬೆಳಗ್ಗೆ ಬೇಲೂರು, ಸಂಜೆ ಹಳೇಬೀಡು. ಎರಡನೇ ದಿನ ದೊಡ್ಡಗದ್ದವಳ್ಳಿ, ಬೆಳವಾಡಿ. ಮೂರು ದೊಡ್ಡ ದೇವಸ್ಥಾನಗಳನ್ನೂ ಒಂದೇ ದಿನ ಮಾಡುತ್ತೇವೆ ಅಂತ ಯಾರಾದರೂ ಪ್ಯಾಕೇಜ್ ಹೇಳಿದರೆ ಬೇಡ ಅನ್ನಿ. ದಿನದ ಹೆಚ್ಚು ಪಾಲು ಕಾರಿನಲ್ಲೇ ಕಳೆದುಹೋಗುತ್ತದೆ.

ವಯಸ್ಸಾದವರಿಗೆ ಜಗತಿಯ ಮೆಟ್ಟಿಲು ಕಷ್ಟ. ಚಪ್ಪಲಿ ಬಿಟ್ಟು ನಡೆಯಬೇಕು, ಬೇಸಿಗೆಯ ಮಧ್ಯಾಹ್ನ ಕಲ್ಲು ಕಾದಿರುತ್ತದೆ. ದಪ್ಪ ಸಾಕ್ಸ್ ಇಟ್ಟುಕೊಳ್ಳಿ. ಒಂದು ಪುಟ್ಟ ಟಾರ್ಚ್, ಸಾಧ್ಯವಾದರೆ ದುರ್ಬೀನು ಕೂಡ ಇರಲಿ. ಸೂರಿನ ಅಡಿಯ ಕೆಲಸ ಬರಿಗಣ್ಣಿಗೆ ಅರ್ಧವೂ ಕಾಣುವುದಿಲ್ಲ. ಗೈಡ್ ಮಾಡಿಕೊಂಡರೆ ಕಥೆಗಳು ಚೆನ್ನಾಗಿ ಗೊತ್ತಾಗುತ್ತವೆ. ಆದರೆ ಅವರನ್ನು ಕರೆಯುವ ಮುಂಚೆ ನೀವೇ ಒಂದು ಸುತ್ತು ಬನ್ನಿ.

ಚನ್ನರಾಯಪಟ್ಟಣದ ಮೇಲೆ ಹಾಸನಕ್ಕೆ ಹೋಗುವವರಾದರೆ ದಾರಿ ಸ್ವಲ್ಪ ಬಿಟ್ಟು ನುಗ್ಗೇಹಳ್ಳಿಗೆ ಹೋಗಬಹುದು. ಲಕ್ಷ್ಮೀನರಸಿಂಹ ಗುಡಿ, 1246ರದ್ದು. ಇಬ್ಬರು ಶಿಲ್ಪಿಗಳು ಗೋಡೆ ಹಂಚಿಕೊಂಡಿದ್ದಾರೆ. ದಕ್ಷಿಣದ ಕಡೆ ಬೈಚೋಜ, ಉತ್ತರದ ಕಡೆ ಮಲ್ಲಿತಮ್ಮ. ಎರಡೂ ಬದಿ ಒಂದೊಂದು ವಿಷ್ಣುವನ್ನು ಆರಿಸಿ, ನಿಂತ ಭಂಗಿಯನ್ನೂ ಮೈತುಂಬ ಇರುವ ಆಭರಣವನ್ನೂ ಹೋಲಿಸಿ ನೋಡಿ. ಇದು ಹಳ್ಳಿಯ ಗುಡಿ, ಬಾಗಿಲು ಹಾಕಿದ್ದರೆ ಅಕ್ಕಪಕ್ಕದ ಮನೆಯವರನ್ನು ಕೇಳಿ, ಅರ್ಚಕರನ್ನು ಕರೆಸುತ್ತಾರೆ. ಹೊರಗೋಡೆ ನೋಡಲು ಮಾತ್ರ ಯಾರಿಗೂ ಕಾಯಬೇಕಾಗಿಲ್ಲ.